ಬಿಪಿ ಗುಳಿಗಿ ಚಾಲೂ ಆದ್ರ ಬಿಡಾಕ ಬರಂಗಿಲ್ಲ ಅಂತ ಅಪ್ಪ ತಪಾಸಣೆಗೇ ಬರವಲ್ರು. ಏನು ಮಾಡಲಿ?

ನೀವು ಬರೆದದ್ದು: ಅಪ್ಪಗೆ 58, ಊರು ಮುಂಡರಗಿ ಕಡೆ, ಮೊಣಕಾಲು ನೋವು ಬಿಟ್ಟರೆ ಏನೂ ತ್ರಾಸಿಲ್ಲ ಅಂತಾರೆ, ಹುಬ್ಬಳ್ಳಿಗೆ ಕರಕೊಂಡು ಬಂದು ಸಾವಿರಾರು ರೂಪಾಯಿಯ ಫುಲ್ ಬಾಡಿ ಚೆಕಪ್ ಮಾಡಿಸಲೋ ಅಂತ ವಿಚಾರ.

ನಾನು ಡಾಕ್ಟರ್ ಅಲ್ಲ. ಧಾರವಾಡದ ಒಂದು ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ 18 ವರ್ಷ ನಿಂತವನು. ಪ್ಯಾಕೇಜ್ ಸದ್ಯ ಬಿಡ್ರಿ. ಮೊದಲು ಬಿಪಿ, ಶುಗರ್ ಎರಡೇ ನೋಡಿಸಿ. 30 ದಾಟಿದವರಿಗೆ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವೆರಡನ್ನೂ ಪುಕ್ಕಟೆ ನೋಡುತ್ತಾರೆ. ಅಪ್ಪ ಎಲಿ-ಅಡಿಕಿ ಜೊತೆ ತಂಬಾಕು ಹಾಕೋರಾದರೆ ಬಾಯಿಯನ್ನೂ ತೋರಿಸಿ. ಒಳಗಿನ ಬಿಳಿ ಕಲೆ, ಎರಡು ವಾರವಾದರೂ ಮಾಯದ ಹುಣ್ಣು ಬಿಟ್ಟುಬಿಡುವಂಥದ್ದಲ್ಲ.

ಇನ್ನು ಆ ಗುಳಿಗಿ ಮಾತು. ದಿನಾ ಕೇಳ್ತೀನಿ ಇದನ್ನ. ಚಸ್ಮಾ ಹಾಕಿಕೊಂಡರೆ ಅಕ್ಷರ ಕಾಣ್ತಾವ, ತೆಗೆದರೆ ಮಬ್ಬು. ಅದನ್ನ ಯಾರಾದರೂ ಚಸ್ಮಾದ ಚಟ ಅಂತಾರೇನು? ಬಿಪಿ ಗುಳಿಗಿಯೂ ಹಾಗೇ. ತೊಗೊಂಡಷ್ಟು ದಿನ ಇಳಿಸಿ ಇಡ್ತದ, ಬಿಟ್ಟರೆ ರಕ್ತದೊತ್ತಡ ಮತ್ತೆ ಮೊದಲಿನ ಜಾಗಕ್ಕೆ. ಉಪ್ಪು, ತೂಕ ಇಳಿದ ಮೇಲೆ ಕೆಲವರಿಗೆ ಡಾಕ್ಟರೇ ಗುಳಿಗಿ ಕಡಿಮೆ ಮಾಡಿದ್ದನ್ನೂ ನೋಡೀನಿ. ನಾವಾಗೇ ಬಿಡೋದು ಬೇರೆ ಮಾತು.

ನಮ್ಮ ಕಾಕಾ ಹಾಗೆ ಬಿಟ್ಟರು. ಕಣ್ಣಿನ ಪೊರೆ ತೆಗೆಸಾಕ ಶಿಬಿರಕ್ಕೆ ಹೋದಾಗ ಬಿಪಿ 180/100 ಬಂದು, ಆಪರೇಷನ್ ಮುಂದೂಡಿ ವಾಪಸ್ ಕಳಿಸಿದ್ದರು. ಗುಳಿಗಿ ತೊಗೊಂಡರು, 130ಕ್ಕೆ ಇಳೀತು, ಕಣ್ಣೂ ಆಯ್ತು. "ನಾರ್ಮಲ್ ಬಂತಲ್ಲೋ, ಇನ್ಯಾಕ?" ಅಂತ ನಿಲ್ಲಿಸಿದರು. ನಮ್ಮ ಅಂಗಡಿಯಲ್ಲೇ ತೊಗೊಳ್ತಿದ್ದರು, ಎರಡು ತಿಂಗಳು ಬರಲಿಲ್ಲ; ನಾನೂ ಕೇಳಲಿಲ್ಲ. ಜೋಳದ ಸುಗ್ಗಿ ವೇಳೆ ಒಂದು ಮುಂಜಾನೆ ಮಾತು ತೊದಲಿತು, ಬಲಗೈ ಎತ್ತಾಕ ಆಗಲಿಲ್ಲ. ವಾತ ಅಂತ ಎಣ್ಣೆ ತಿಕ್ಕಿ, ಮಧ್ಯಾಹ್ನ ಜೀಪು ಹುಡುಕಿದರು. ಅದು ಲಕ್ವಾ ಆಗಿತ್ತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ತಾಸಿನ ಒಳಗೆ ಬಿದ್ದರಷ್ಟೇ ಉಪಯೋಗ, ಅದೂ ತಲೆಯ ಸ್ಕ್ಯಾನ್ ನೋಡಿದ ಮೇಲೆ. ಆ ಹೊತ್ತು ದಾಟಿತ್ತು. ಕಾಕಾ ಈಗ ರೊಟ್ಟಿ ಎಡಗೈಲೇ ಮುರೀತಾರೆ. ಮುಖ ಒಂದು ಕಡೆ ಸೊಟ್ಟಾದರೆ, ಕೈ ಸೋತರೆ, ಮಾತು ತೊದಲಿದರೆ ಬಾಯಿಗೆ ನೀರೂ ಹಾಕಬೇಡಿ; 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಎಲ್ಲಿ ಇದೆ ಅಂತ ಕೇಳಿಯೇ ಹೊರಡಿ. ಗದಗದಿಂದ ಹುಬ್ಬಳ್ಳಿಯೇ ಸುಮಾರು 60 ಕಿಲೋಮೀಟರ್, ನಿಮ್ಮೂರು ಅದಕ್ಕೂ ಆಚೆ.

ಅಪ್ಪನ ಮೊಣಕಾಲಿನ ಬಗ್ಗೆ ನೀವು ಒಂದೇ ಸಾಲು ಬರೆದೀರಿ, ನನಗೆ ಅದೇ ಹೆಚ್ಚು ಚಿಂತೆ. ನೋವಿಗೆ ಏನು ತೊಗೊಳ್ತಾರೆ ಅಂತ ಕೇಳಿ. ಡೈಕ್ಲೋಫೆನಾಕ್‌ನಂಥ ಗುಳಿಗಿ ದಿನಾ ನುಂಗಿದರೆ ಬಿಪಿ ಏರ್ತದ, ಕಿಡ್ನಿಗೂ ಪೆಟ್ಟು. "ಹ್ವಾದ ಸಲದ್ದ ಕೊಡ್ರಿ" ಅಂತ ಚೀಟಿ ಇಲ್ಲದೆ ಬರೋರಲ್ಲಿ ಅರ್ಧ ಜನ ಇದನ್ನೇ ಕೇಳೋದು. ಕೊಡೋ ಅಂಗಡಿಗಳೂ ಅದಾವ, ನಮ್ಮ ಧಂದೆಯ ತಪ್ಪನ್ನ ನಾನೇ ಹೇಳಬೇಕು. ಇನ್ನೊಂದು, ಮುಂಡರಗಿ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನ ವರ್ಷಾನುಗಟ್ಟಲೆ ಕುಡಿದರೆ ಕೀಲು ಬಿಗಿಯೋದು, ನೋಯೋದು ಉಂಟು. ಕುದಿಸಿದರೆ ಅದು ಹೋಗಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿ ಆಗ್ತದ. ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದ್ದರೆ ಕುಡಿಯಾಕ, ಅಡಿಗಿಗೆ ಅದೇ ನೀರು ಬಳಸಿ.

ಬಿಪಿ ಒಮ್ಮೆ ಜಾಸ್ತಿ ಬಂತು ಅಂತ ಗಾಬರಿ ಬೇಡ. ಬಸ್ಸಿನಿಂದ ಇಳಿದು, ಚಹಾ ಕುಡಿದು, ತಂಬಾಕು ಹಾಕಿಕೊಂಡು ಹೋಗಿ ಕೂತರೆ ಯಾರಿಗಾದರೂ ಏರ್ತದ. ಐದು ನಿಮಿಷ ಬೆನ್ನು ಆನಿಸಿ ಸುಮ್ಮನೆ ಕೂತ ಮೇಲೆ ನೋಡಲಿ, ಬೇರೆ ದಿನ ಇನ್ನೊಮ್ಮೆ ನೋಡಲಿ. 140/90 ಮತ್ತೆ ಮತ್ತೆ ದಾಟಿದರೆ ಡಾಕ್ಟರ್. ಶುಗರ್ ರಾತ್ರಿ ಊಟದ ನಂತರ ಎಂಟು ತಾಸು ಬಿಟ್ಟು ಖಾಲಿ ಹೊಟ್ಟೆಯಲ್ಲಿ ನೋಡಿಸಿ. 126 ಅಥವಾ ಅದಕ್ಕೂ ಮೇಲೆ ಬಂದರೆ ಮತ್ತೊಮ್ಮೆ ಖಾತ್ರಿ ಮಾಡಿಸಿ. ಜೋಳದ ರೊಟ್ಟಿ ತಿನ್ನೋರಿಗೆ ಶುಗರ್ ಬರಂಗಿಲ್ಲ ಅನ್ನೋದು ನಮ್ಮ ಕಡೆಯ ದೊಡ್ಡ ಸುಳ್ಳು.

ಕರಕೊಂಡು ಹೋಗೋದು ಹೆಂಗ ಅಂದ್ರ, ನಾನು ನಮ್ಮಪ್ಪಗ ಹೇಳಿದ್ದು ಇಷ್ಟೇ: "ಅವ್ವಗ ತೋರಿಸಬೇಕು, ಒಬ್ಬಾಕಿ ಹ್ವಾಗಾಕ ಅಂಜತಾಳ, ನೀವೂ ಬರ್ರಿ." ಅಲ್ಲಿ ನರ್ಸಮ್ಮ ಅವ್ವನ ತೋಳಿಗೆ ಪಟ್ಟಿ ಕಟ್ಟಿ ಮುಗಿಸಿ, "ಅಜ್ಜಾರ, ನಿಮ್ಮದೂ ಚಾಚ್ರಿ" ಅಂದಳು. ಅವ್ವನ ಮುಂದೆ ಇಲ್ಲ ಅನ್ನಾಕ ಆಗದೆ ಅಪ್ಪ ಅಂಗಿ ತೋಳು ಮಡಚಿದರು.