ಉಂಡ ಮನೆಯ ಗಳ ಎಣಿಸಿದವನ ನಿಷ್ಠೆ

ಮಾನ್ಯರೇ,

ಕಳೆದ ಸಂಚಿಕೆಯ ‘ಅಮೆರಿಕನ್ ಹಸಲ್’ ಚಿತ್ರದ ಕುರಿತ ಲೇಖನ ಓದಿ ನೀವು ಬರೆದ ಪತ್ರ ತಲುಪಿದೆ. ಹೆಂಡತಿ, ಪ್ರೇಯಸಿ, ಸ್ನೇಹಿತ, ಪೊಲೀಸರು ಎಲ್ಲರಿಗೂ ಸುಳ್ಳು ಹೇಳುವ ಅದರ ನಾಯಕನಲ್ಲಿ ನಮ್ಮ ಲೇಖಕರಿಗೆ ನಿಷ್ಠೆ ಎಲ್ಲಿ ಕಂಡಿತು ಎಂದು ಕೇಳಿದ್ದೀರಿ. ಮೋಸಗಾರರನ್ನು ಮೆರೆಸುವ ಚಿತ್ರಕ್ಕೆ ಪುಟಗಳನ್ನು ಕೊಡಬೇಕಿತ್ತೇ, ಇಡೀ ಕಥೆಯಲ್ಲಿ ಒಬ್ಬ ಪ್ರಾಮಾಣಿಕನೂ ಇಲ್ಲವೇ ಎಂದೂ ಕೇಳಿದ್ದೀರಿ. ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ಅದು ತಗಲಬೇಕಾದ ಜಾಗ ಬೇರೆ ಎಂದು ನನಗೆ ಅನ್ನಿಸುತ್ತದೆ.

ಚಿತ್ರ ನೋಡದವರಿಗಾಗಿ ಎರಡು ಮಾತು. ಡೇವಿಡ್ ಓ. ರಸೆಲ್ 2013ರಲ್ಲಿ ನಿರ್ದೇಶಿಸಿದ ಈ ಚಿತ್ರದ ಕಥೆ ನಡೆಯುವುದು 1978ರಲ್ಲಿ, ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಯಲ್ಲಿ. ಬೇರೆಲ್ಲೂ ಸಾಲ ಹುಟ್ಟದವರಿಂದ ಮುಂಗಡ ಶುಲ್ಕ ಕಿತ್ತು, ಸಾಲವನ್ನೇ ಕೊಡದೆ ಸತಾಯಿಸುವವನು ಅರ್ವಿಂಗ್. ಇಂಗ್ಲೆಂಡಿನ ಸಿರಿವಂತೆಯ ವೇಷದಲ್ಲಿ ಅವನಿಗೆ ಜೊತೆಯಾಗುವವಳು ಸಿಡ್ನಿ. ಇಬ್ಬರನ್ನೂ ಹಿಡಿದ ಎಫ್‌ಬಿಐ ಅಧಿಕಾರಿ ರಿಚಿ, ಜೈಲು ತಪ್ಪಬೇಕಾದರೆ ನನಗೆ ಇನ್ನಷ್ಟು ಜನರನ್ನು ಹಿಡಿದುಕೊಡಿ ಎನ್ನುತ್ತಾನೆ. ಅಲ್ಲಿಂದ ಒಬ್ಬ ನಕಲಿ ಅರಬ್ ಶೇಖ್ ಹುಟ್ಟುತ್ತಾನೆ, ಅವನ ಹೆಸರಿನಲ್ಲಿ ಲಂಚದ ಬಲೆ ಬೀಳುತ್ತದೆ.

ಇದರ ಹಿಂದೆ ಇರುವುದು ‘ಆಬ್‌ಸ್ಕ್ಯಾಮ್’ ಎಂಬ ನಿಜವಾದ ಕಾರ್ಯಾಚರಣೆ. ಅರ್ವಿಂಗ್ ಪಾತ್ರಕ್ಕೆ ಮೂಲವಾದ ಮೆಲ್ವಿನ್ ವೈನ್‌ಬರ್ಗ್ ಎಂಬ ಸಾಬೀತಾದ ವಂಚಕನನ್ನು ಎಫ್‌ಬಿಐ ಬಳಸಿಕೊಂಡಿತು. ‘ಅಬ್ದುಲ್ ಎಂಟರ್‌ಪ್ರೈಸಸ್’ ಎಂಬ ಹುಸಿ ಕಂಪನಿ ತೆರೆದು, ಗುಪ್ತ ಕ್ಯಾಮೆರಾಗಳ ಎದುರು ರಾಜಕಾರಣಿಗಳಿಗೆ ಹಣ ಚಾಚಿತು. 1980ರ ಫೆಬ್ರುವರಿಯಲ್ಲಿ ವಿಷಯ ಪತ್ರಿಕೆಗಳಿಗೆ ಬಂತು. ಕೊನೆಗೆ ಒಬ್ಬ ಸೆನೆಟರ್, ಕೆಳಮನೆಯ ಆರು ಸದಸ್ಯರು ಮತ್ತು ಕ್ಯಾಮ್ಡೆನ್ ನಗರದ ಮೇಯರ್ ಏಂಜಲೊ ಎರಿಕೆಟಿ ಸೇರಿದಂತೆ ಹಲವರು ಅಪರಾಧಿಗಳೆಂದು ತೀರ್ಮಾನವಾಯಿತು.

ಈಗ ನಿಷ್ಠೆಯ ಮಾತು. ಪ್ರೇಯಸಿಗೂ ಅವನು ಸುಳ್ಳು ಹೇಳುತ್ತಾನೆ ಎಂದು ನೀವು ಬರೆದಿರುವುದನ್ನು ಒಪ್ಪಲಾರೆ. ಅರ್ವಿಂಗ್ ಮತ್ತು ಸಿಡ್ನಿ ಊರಿಗೆಲ್ಲ ವೇಷ ತೊಟ್ಟವರು. ಪರಸ್ಪರರ ವೇಷವನ್ನು ಮಾತ್ರ ಬಲ್ಲವರು. ಅವಳ ಇಂಗ್ಲಿಷ್ ಸಿರಿವಂತೆ ಹುಟ್ಟಿದ್ದೇ ಅವನ ಕಣ್ಣೆದುರು. ಓಡಿಹೋಗೋಣ ಎಂದು ಅವಳು ಅಂದಾಗ, ತಾನು ದತ್ತು ಪಡೆದ ಹೆಂಡತಿಯ ಮಗನನ್ನು ಬಿಟ್ಟು ಬರಲಾರೆ ಎನ್ನುತ್ತಾನೆ ಅವನು. ಅವಳನ್ನು ಘಾಸಿಗೊಳಿಸುವುದು ಸುಳ್ಳಲ್ಲ, ಈ ನಿಜ. ಆಮೇಲೆ ಅವಳು ರಿಚಿಯತ್ತ ವಾಲಿದ್ದರಲ್ಲಿ ನಟನೆ ಎಷ್ಟು, ಮನಸ್ಸು ಎಷ್ಟು ಎಂದು ಅವಳೇ ಹೇಳಲಾರಳು. ಹೀಗೆ ಗಂಟುಬಿದ್ದ ಸಂಬಂಧವನ್ನು ತೀರ್ಪು ಕೊಡದೆ ತೋರಿಸಿದ್ದಕ್ಕಾಗಿಯೇ ಈ ಚಿತ್ರ ನನಗೆ ಇಷ್ಟ.

ಆದರೆ ಚಿತ್ರದ ಜೀವ ಇರುವುದು, ಎರಿಕೆಟಿಯ ಮಾದರಿಯಲ್ಲಿ ರೂಪಿಸಿದ ಮೇಯರ್ ಕಾರ್ಮೈನ್ ಪೊಲಿಟೊ ಮನೆಯಲ್ಲಿ. ನ್ಯೂಜೆರ್ಸಿಯ ಮತದಾರರು 1976ರಲ್ಲಿ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊಗಳಿಗೆ ಒಪ್ಪಿಗೆ ಕೊಟ್ಟಿದ್ದರು. ಮೊದಲ ಕ್ಯಾಸಿನೊ 1978ರ ಮೇ ತಿಂಗಳಲ್ಲಿ ತೆರೆಯಿತು. ಕಾರ್ಮೈನ್‌ಗೆ ಅದರಲ್ಲಿ ತನ್ನ ಜನರಿಗೆ ಕೆಲಸ ಕಾಣುತ್ತದೆ. ಮೊದಲ ಭೇಟಿಯಲ್ಲಿ ರಿಚಿ ಹಣದ ಪೆಟ್ಟಿಗೆಯನ್ನು ಮುಂದಕ್ಕೆ ದೂಡಿದಾಗ ಅವನು ಎದ್ದು ನಡೆದೇಬಿಡುತ್ತಾನೆ. ಬೆನ್ನಟ್ಟಿ ಹೋಗಿ ಸಮಾಧಾನಪಡಿಸಿ, ಬಲೆಗೆ ಮರಳಿಸುವವನು ಅರ್ವಿಂಗ್. ಆ ಮೇಲೆ ಕಾರ್ಮೈನ್ ಅವನನ್ನು ಸ್ನೇಹಿತನೆಂದು ನಂಬುತ್ತಾನೆ, ಜೊತೆಯಲ್ಲಿ ಕೂರಿಸಿಕೊಂಡು ಉಣ್ಣುತ್ತಾನೆ, ಆ ಕಾಲಕ್ಕೆ ಹೊಸತಾಗಿದ್ದ ಮೈಕ್ರೊವೇವ್ ಒಲೆಯನ್ನು ಉಡುಗೊರೆ ಕೊಡುತ್ತಾನೆ. ಉಂಡ ಮನೆಯ ಗಳ ಎಣಿಸುವುದು ಎಂದು ನಾವು ಹೇಳುವುದು ಇದನ್ನೇ. ಜೀವನವಿಡೀ ಅಪರಿಚಿತರಿಗೆ ಟೋಪಿ ಹಾಕಿ ನೆಮ್ಮದಿಯಾಗಿ ನಿದ್ದೆ ಮಾಡಿದವನಿಗೆ ಇಲ್ಲಿ ನಿದ್ದೆ ಹಾರುತ್ತದೆ. ಕೊನೆಗೆ ಅದೇ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ. ಕಾರ್ಮೈನ್ ಅವನನ್ನು ಹೊರದಬ್ಬುತ್ತಾನೆ. ಒಪ್ಪಿಕೊಂಡದ್ದರಿಂದ ಅರ್ವಿಂಗ್‌ಗೆ ಸಿಕ್ಕುವುದು ಏನೂ ಇಲ್ಲ. ಎಫ್‌ಬಿಐಗೇ 20 ಲಕ್ಷ ಡಾಲರ್ ಟೋಪಿ ಹಾಕಿ, ಅದನ್ನು ಹಿಂದಿರುಗಿಸುವ ಷರತ್ತಿನಲ್ಲಿ ಕಾರ್ಮೈನ್‌ನ ಶಿಕ್ಷೆಯನ್ನೂ ತಗ್ಗಿಸುತ್ತಾನೆ, ಆದರೂ ಸ್ನೇಹ ಮರಳುವುದಿಲ್ಲ. ನಮ್ಮ ಲೇಖಕರು ಹೇಳಿದ ನಿಷ್ಠೆ ಇದು. ದ್ರೋಹ ನಡೆದುಹೋದ ಮೇಲೆ ಬಂದ ನಿಷ್ಠೆ, ಹಾಗಾಗಿ ಸೋತ ನಿಷ್ಠೆ. ಇದನ್ನು ಮೆರೆಸುವಿಕೆ ಎಂದು ನಾನು ಕರೆಯಲಾರೆ. ಪುಟ ಕೊಟ್ಟದ್ದು ಸರಿಯೆಂದೇ ನಂಬಿದ್ದೇನೆ.

ಹಾಗಾದರೆ ನಿಮ್ಮ ಸಿಟ್ಟು ತಗಲಬೇಕಾದುದು ಎಲ್ಲಿಗೆ? ಹೆಂಡತಿಯ ಪಾತ್ರಕ್ಕೆ. ರೋಸಲಿನ್ ಮೈಕ್ರೊವೇವ್‌ಗೆ ಬೆಂಕಿ ಹಚ್ಚುವವಳು, ಬಾಯಿ ಬಿಟ್ಟು ಗುಟ್ಟು ಕೆಡಿಸುವವಳು. ಅವಳ ಒಂಟಿತನ ಚಿತ್ರಕ್ಕೆ ಬಹುಪಾಲು ನಗೆಯ ಸರಕು. ಜೆನಿಫರ್ ಲಾರೆನ್ಸ್ ಆ ಪಾತ್ರಕ್ಕೆ ಜೀವ ತುಂಬಿದ್ದಾರೆ ನಿಜ. ಕೊನೆಯಲ್ಲಿ ಅವಳಿಗೆ ಇನ್ನೊಬ್ಬ ಗಂಡಸಿನ ಜೊತೆ ಸಿಕ್ಕಿ ಎಲ್ಲವೂ ಸುಸೂತ್ರವಾಗುತ್ತದೆ. ವಾಸ್ತವದಲ್ಲಿ ವೈನ್‌ಬರ್ಗ್ ಅವರ ಹೆಂಡತಿ ಗಂಡನ ವಿರುದ್ಧ ಪತ್ರಕರ್ತರೆದುರು ಮಾತನಾಡಿದರು. 1982ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಮೇಯರ್‌ಗಾಗಿ ಕ್ಷಮೆಯ ದೃಶ್ಯವನ್ನು ಕಟ್ಟಿದ ಚಿತ್ರ, ಆ ಹೆಣ್ಣಿಗೆ ನಗುವ ಮುಕ್ತಾಯವನ್ನು ಅಂಟಿಸಿತು. ಘಟನೆಗಳಲ್ಲಿ ಕೆಲವಷ್ಟೇ ನಡೆದವು ಎಂದು ಆರಂಭದಲ್ಲೇ ಹೇಳಿಕೊಂಡರೆ ಈ ಋಣ ತೀರುವುದಿಲ್ಲ. ಗಂಡಸರ ಸ್ನೇಹಕ್ಕೆ ತೋರಿದ ಕರುಣೆಯಲ್ಲಿ ಅರ್ಧದಷ್ಟಾದರೂ ಅವಳಿಗೆ ಸಲ್ಲಬೇಕಿತ್ತು.

ಇನ್ನು ಪ್ರಾಮಾಣಿಕರು. ಚಿತ್ರದಲ್ಲಿ ಹುಡುಕುವುದು ಕಷ್ಟ, ಘಟನೆಯಲ್ಲಿ ಇದ್ದರು. ದಕ್ಷಿಣ ಡಕೋಟಾದ ಸೆನೆಟರ್ ಲ್ಯಾರಿ ಪ್ರೆಸ್ಲರ್ ಅದೇ ಕ್ಯಾಮೆರಾಗಳ ಎದುರು ಹಣವನ್ನು ನಿರಾಕರಿಸಿದರು. ಲಂಚ ಬೇಡವೆಂದವನನ್ನು ವೀರನೆನ್ನುವ ಸ್ಥಿತಿಗೆ ನಾವು ಬಂದಿದ್ದೇವೆಯೇ ಎಂದು ಆಮೇಲೆ ಅವರೇ ನೊಂದು ಕೇಳಿದ್ದುಂಟು. ಅಪರಾಧಕ್ಕೆ ಸರ್ಕಾರವೇ ಆಮಿಷವೊಡ್ಡಬಹುದೇ ಎಂಬ ಚರ್ಚೆಯೂ ಆಗ ಜೋರಾಯಿತು. 1981ರ ಜನವರಿಯಲ್ಲಿ ಅಲ್ಲಿನ ಅಟಾರ್ನಿ ಜನರಲ್ ಇಂಥ ಗುಪ್ತ ಕಾರ್ಯಾಚರಣೆಗಳಿಗೆ ಮಾರ್ಗಸೂಚಿ ಹೊರಡಿಸಿದರು.

ರೋಸಲಿನ್ ಕುರಿತು ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಇನ್ನೊಮ್ಮೆ ನೋಡಿ, ಅವಳ ಬಗ್ಗೆ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಮೀಸಲಿಡುತ್ತೇನೆ.

– ಸಂಪಾದಕ