ಕೌಬಾಯ್ ಸ್ಪರ್ ಮಾಡಿ, ಅದರ ಮೇಲೆ ಕೆತ್ತುವುದನ್ನು ಕಲಿಯಲು ಎಲ್ಲಿಂದ ಶುರು ಮಾಡಬೇಕು?

ಟೆಕ್ಸಸ್‌ಗೆ ಬಂದು ಒಂದು ವರ್ಷವಾಯಿತು, ಸ್ಪರ್ ಮಾಡುವ ಆಸೆ ಹುಟ್ಟಿದೆ, ಮೊದಲು ಕೆತ್ತನೆಯ ಮೆಷಿನ್ ಕೊಳ್ಳಲಾ ಎಂದು ಕೇಳಿದ್ದೀರಿ. ಕುದುರೆ ಸವಾರಿ ಗೊತ್ತಿರಲೇಬೇಕಾ ಎಂದೂ ಕೇಳಿದ್ದೀರಿ. ನಾನು ಫೋರ್ಟ್ ವರ್ತ್ ಹತ್ತಿರ ಇದ್ದೇನೆ. ಏಳು ವರ್ಷದಿಂದ ಶನಿವಾರ, ಭಾನುವಾರ ನನಗೆ ಇದೇ ಕೆಲಸ. ಮೆಷಿನ್ ಈಗಲೇ ಬೇಡ. ಆ ದುಡ್ಡಲ್ಲಿ ಎರಡು ಒಳ್ಳೆಯ ಅರ, ಒಂದು ಗಟ್ಟಿ ವೈಸ್, ಒಂದಷ್ಟು ಮೈಲ್ಡ್ ಸ್ಟೀಲ್ ಪಟ್ಟಿ ತನ್ನಿ.

ಸ್ಪರ್ ನೋಡಿಲ್ಲದವರಿಗೆ ಒಂದು ಮಾತು. ಸವಾರನ ಬೂಟಿನ ಹಿಮ್ಮಡಿ ಸುತ್ತ ಕೂರುವ ಉಕ್ಕಿನ ಬಳೆಗೆ ಹೀಲ್ ಬ್ಯಾಂಡ್ ಅಂತಾರೆ. ಅದರಿಂದ ಹಿಂದಕ್ಕೆ ಚಾಚಿಕೊಂಡ ಕಡ್ಡಿ ಶ್ಯಾಂಕ್. ಶ್ಯಾಂಕಿನ ತುದಿಯಲ್ಲಿ ತಿರುಗುವ ಹಲ್ಲಿನ ಚಕ್ರ ರೌವೆಲ್. ಬ್ಯಾಂಡಿನ ಎರಡು ತುದಿಯಲ್ಲಿ ಚರ್ಮದ ಪಟ್ಟಿ ಸಿಕ್ಕಿಸಲು ಗುಂಡಿಗಳು, ಅಂದರೆ ಬಟನ್‌ಗಳು, ಇರುತ್ತವೆ. ಇಷ್ಟೇ.

ಒಂದು ಸ್ಪರ್ ಮಾಡುವುದು ಅಂಥ ಕಷ್ಟವಲ್ಲ. ಅದರ ಜೋಡಿ ಮಾಡುವುದು ಕಷ್ಟ. ಎಡಗಾಲಿನದು, ಬಲಗಾಲಿನದು ಕನ್ನಡಿಯಲ್ಲಿ ನೋಡಿದ ಹಾಗೆ ಇರಬೇಕು. ಶ್ಯಾಂಕ್ ಇಳಿಯುವ ಕೋನ, ಬ್ಯಾಂಡಿನ ಅಗಲ, ಗುಂಡಿಯ ಜಾಗ, ಎಲ್ಲವೂ. ಮೊದಲನೆಯ ಸ್ಪರ್ ಮಾಡಿದಾಗ ನಾನು ಕುಣಿದಾಡಿದ್ದೆ. ಎರಡನೆಯದನ್ನು ಪಕ್ಕದಲ್ಲಿಟ್ಟಾಗ ಬೇರೆ ಬೇರೆ ಮನೆಯ ಮಕ್ಕಳ ಹಾಗೆ ಕಂಡವು. ನನಗೆ ಕಲಿಸಿದ ಹಿರಿಯರು ಅವತ್ತು ಹೇಳಿಕೊಟ್ಟ ಉಪಾಯ ಈಗಲೂ ಪಾಲಿಸುತ್ತೇನೆ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಪ್ರತಿ ಹಂತವನ್ನೂ ಎರಡರ ಮೇಲೂ ಮಾಡಿ. ಬಗ್ಗಿಸುವ ಮೊದಲು ಎರಡು ಪಟ್ಟಿಯನ್ನೂ ಒಟ್ಟಿಗೆ ವೈಸಿನಲ್ಲಿ ಕಚ್ಚಿಸಿ ಅರ ಹಾಕಿ, ಒಟ್ಟಿಗೇ ತೂತು ಕೊರೆಯಿರಿ.

ಟೆಕ್ಸಸ್‌ನ ಹಳೆಯ ಕೈಗಳು, ಟ್ಯೂಲಿಯಾ ಊರಿನ ಜೆ. ಓ. ಬಾಸ್ ಅಂಥವರು, ಬ್ಯಾಂಡ್ ಮತ್ತು ಶ್ಯಾಂಕನ್ನು ಒಂದೇ ಉಕ್ಕಿನಿಂದ ತೆಗೆಯುತ್ತಿದ್ದರು. ಕಂಬಿಯ ಒಂದು ತುದಿಯನ್ನು ಸೀಳಿ, ಕುಲುಮೆಯಲ್ಲಿ ಕಾಯಿಸಿ, ಎರಡು ಕೈ ಚಾಚಿದ ಹಾಗೆ ಅಗಲಿಸಿ ಬಡಿಯುವುದು. ನೋಡೋಕೆ ತುಂಬಾ ಚೆಂದ. ಆದರೆ ನೀವು ಶುರುವಿಗೆ ಬ್ಯಾಂಡ್ ಬೇರೆ, ಶ್ಯಾಂಕ್ ಬೇರೆ ಮಾಡಿ ವೆಲ್ಡ್ ಮಾಡಿ. ಬ್ಯಾಂಡ್ ಒಳಗಡೆ ಸುಮಾರು 3 ಇಂಚು ಅಗಲ ಇದ್ದರೆ ಗಂಡಸರ ಬೂಟಿಗೆ ಸಾಮಾನ್ಯವಾಗಿ ಕೂರುತ್ತದೆ.

ಇನ್ನು ಬೆಳ್ಳಿ. ಟೆಕ್ಸಸ್ ಕಡೆಯವರು ಉಕ್ಕಿನ ಮೇಲೆ ಬೆಳ್ಳಿಯ ತಗಡನ್ನು ಬೆಸೆಯುವುದು ಜಾಸ್ತಿ. ಹೊರಗೆ ಕಾಣುವ ಮಗ್ಗುಲಿಗೆ ಮಾತ್ರ ಹಾಕುವುದೂ ಉಂಟು. ಕ್ಯಾಲಿಫೋರ್ನಿಯಾದ ಪದ್ಧತಿ ಮೆಕ್ಸಿಕೋದ ದನಗಾಹಿಗಳಿಂದ, ಅಂದರೆ ವಕೇರೋಗಳಿಂದ ಬಂದದ್ದು. ಅಲ್ಲಿ ಉಕ್ಕನ್ನೇ ಕೊರೆದು, ಗುಳಿಯ ಅಂಚನ್ನು ಒಳಮುಖವಾಗಿ ಓರೆ ಮಾಡಿ, ಬೆಳ್ಳಿಯನ್ನು ಬಡಿದು ಕೂರಿಸುತ್ತಾರೆ. ಓರೆ ಅಂಚೇ ಬೆಳ್ಳಿಯನ್ನು ಕಚ್ಚಿ ಹಿಡಿಯುತ್ತದೆ. ಇದನ್ನು ಕೇಳಿದಾಗ ನನಗೆ ಬೀದರ್ ನೆನಪಾಯಿತು. ಊರಿಗೆ ಹೋದಾಗ ಬಿದ್ರಿ ಕೆಲಸದವರ ಪಕ್ಕ ಇಡೀ ದಿನ ಕೂತು ನೋಡಿದೆ. ಅವರ ಲೋಹ ಸತು ಮತ್ತು ತಾಮ್ರದ ಬೆರಕೆ, ಉಕ್ಕಿಗಿಂತ ಮೆದು. ಆದರೆ ಕೆತ್ತಿದ ಗೀರಿಗೆ ಬೆಳ್ಳಿ ತಂತಿ ಬಡಿಯುವಾಗ ಅವರ ಕೈಯಲ್ಲಿದ್ದ ನಿಧಾನ ಇಲ್ಲಿನದೇ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಸೇರಿಸಿ ಲೋಹವನ್ನು ಕಪ್ಪು ಮಾಡುತ್ತಾರೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಇಲ್ಲೂ ಉಕ್ಕನ್ನು ಕಂದು ಅಥವಾ ನೀಲಿಗಪ್ಪು ಮಾಡುವುದು ಬೆಳ್ಳಿ ಎದ್ದು ಕಾಣಲಿ ಅಂತಲೇ.

ಬೆಸುಗೆ ಹಾಕುವಾಗ ಹುಷಾರು. ಸ್ಟರ್ಲಿಂಗ್ ಬೆಳ್ಳಿ, ಅಂದರೆ ಶೇ 92.5 ಬೆಳ್ಳಿ, ಸುಮಾರು 890 ಡಿಗ್ರಿ ಸೆಲ್ಸಿಯಸ್‌ಗೆ ಪೂರ್ತಿ ನೀರಾಗುತ್ತದೆ. ದಪ್ಪ ಉಕ್ಕು ಕಾಯಲು ಹೊತ್ತು ಬೇಕು, ತೆಳು ಬೆಳ್ಳಿಗೆ ಹೊತ್ತೇ ಬೇಡ. ನಾನು ಒಮ್ಮೆ ಗ್ಯಾಸ್ ಟಾರ್ಚಿನ ಉರಿಯನ್ನು ನೇರ ಬೆಳ್ಳಿಯ ಮೇಲೆ ಹಿಡಿದೆ. ಮೂರು ವಾರಾಂತ್ಯದ ಕೆಲಸ ಕಣ್ಣ ಮುಂದೆ ಕುಸಿಯಿತು. ಅವತ್ತು ರಾತ್ರಿ ಊಟ ಸೇರಲಿಲ್ಲ. ಹಿಂದಿನಿಂದ ಉಕ್ಕನ್ನು ಕಾಯಿಸಿ, ಆ ಕಾವೇ ಬೆಸುಗೆಯನ್ನು ಕರಗಿಸಲಿ. ಕಲಿಯುವಾಗ ಸುಮ್ನೆ ನಿಕಲ್ ಸಿಲ್ವರ್ ಬಳಸಿ. ಹೆಸರಲ್ಲಿ ಸಿಲ್ವರ್ ಇದ್ದರೂ ಅದರಲ್ಲಿ ಬೆಳ್ಳಿ ಇಲ್ಲ, ತಾಮ್ರ, ನಿಕಲ್, ಸತು ಅಷ್ಟೇ. ಕೆಟ್ಟರೆ ಹೊಟ್ಟೆ ಉರಿಯುವುದಿಲ್ಲ.

ಈಗ ಕೆತ್ತನೆ. ಗಾಳಿಯ ಒತ್ತಡದಿಂದ ಉಳಿಯನ್ನು ಕುಟ್ಟುವ ಮೆಷಿನ್‌ಗಳು ಒಳ್ಳೆಯವೇ. ಕ್ಯಾನ್ಸಸ್‌ನ ಎಂಪೋರಿಯಾದ ಜಿಆರ್‌ಎಸ್ ಕಂಪನಿ ಮಾಡುವುದನ್ನು ಬಹಳ ಜನ ಬಳಸುತ್ತಾರೆ, ಅಲ್ಲಿ ತರಗತಿಗಳೂ ನಡೆಯುತ್ತವೆ. ಆದರೆ ಮೊಂಡು ಉಳಿಯನ್ನು ಮೆಷಿನ್‌ಗೆ ಹಾಕಿದರೆ ಮೊಂಡು ಗೆರೆಯೇ ಬೇಗ ಬೇಗ ಬರುತ್ತದೆ, ಅಲ್ವಾ? ಹಾಗಾಗಿ ಮೊದಲು ಸಾಣೆ ಹಿಡಿಯುವುದನ್ನು ಕಲಿಯಿರಿ. 120 ಡಿಗ್ರಿಯ ವಿ ಆಕಾರದ ಉಳಿ ಸಾಕು. ಹೆಬ್ಬೆರಳ ಉಗುರಿನ ಮೇಲೆ ಹಗುರವಾಗಿ ಇಡಿ. ಜಾರಿದರೆ ಮತ್ತೆ ಸಾಣೆಗೆ ಹೋಗಿ. ಕಚ್ಚಿಕೊಂಡು ನಿಂತರೆ ಸರಿಯಾಗಿದೆ. ಇದಕ್ಕೇ ನನಗೆ ಒಂದಿಡೀ ಚಳಿಗಾಲ ಹಿಡಿಯಿತು.

ಇದರ ಜೊತೆಗೆ ದಿನಾ ಪೆನ್ಸಿಲ್ ಹಿಡಿದು ಬಳ್ಳಿಯ ಸುರುಳಿ ಬರೆಯಿರಿ. ಮೊದಲು ಬೆನ್ನೆಲುಬಿನಂಥ ಗೆರೆ ಒಂದೇ, ಎಲ್ಲೂ ಚಪ್ಪಟೆಯಾಗದೆ ಸುತ್ತಬೇಕು. ಎಲೆಗಳನ್ನು ಆಮೇಲೆ ನೋಡಿಕೊಳ್ಳಬಹುದು. ಕಾಗದದ ಮೇಲೆ ಬಾರದ ಸುರುಳಿ ಬೆಳ್ಳಿಯ ಮೇಲೂ ಬರುವುದಿಲ್ಲ. ಕೈ ಕುದುರಿದ ಮೇಲೆ ಬ್ರೈಟ್ ಕಟ್ ಕಲಿಯಿರಿ. ಚಪ್ಪಟೆ ಉಳಿಯನ್ನು ಓರೆಯಾಗಿ ಹೊರಳಿಸುತ್ತಾ ಹೋದರೆ ಅಗಲವಾದ ಗೀರು ಬೀಳುತ್ತದೆ, ಒಳಮೈ ಕನ್ನಡಿಯ ಹಾಗೆ ಹೊಳೆಯುತ್ತದೆ. ಸವಾರ ನಡೆದಾಗ ದೂರದಿಂದ ಮಿನುಗುವುದು ಅದೇ.

ಒಕ್ಲಹೋಮ ಸಿಟಿಯ ನ್ಯಾಷನಲ್ ಕೌಬಾಯ್ ಅಂಡ್ ವೆಸ್ಟರ್ನ್ ಹೆರಿಟೇಜ್ ಮ್ಯೂಸಿಯಂಗೆ ತಪ್ಪದೆ ಹೋಗಿ. ನಿಮಗೆ ಕಾರಿನಲ್ಲಿ ಒಂದು ದಿನದ ಮಾತು. 1998ರಲ್ಲಿ ಹುಟ್ಟಿದ ಟ್ರೆಡಿಷನಲ್ ಕೌಬಾಯ್ ಆರ್ಟ್ಸ್ ಅಸೋಸಿಯೇಷನ್‌ನವರ ಕೆಲಸವನ್ನು ನಾನು ಕಂಡದ್ದು ಅಲ್ಲೇ. ಜೀನು, ಬಿಟ್ (ಕುದುರೆಯ ಬಾಯಿಗೆ ಹಾಕುವ ಲೋಹದ ಕಡಿವಾಣ) ಮತ್ತು ಸ್ಪರ್, ಬೆಳ್ಳಿ ಕೆಲಸ, ಹಸಿ ಚರ್ಮದ ಹೆಣಿಗೆ, ಈ ನಾಲ್ಕು ಕಸುಬು ಅವರದು. ಹೊಸಬರಿಗೆ ಕಲಿಸುವುದನ್ನೂ ಅವರು ತಮ್ಮ ಕೆಲಸ ಅಂದುಕೊಂಡಿದ್ದಾರೆ.

ಸವಾರಿ ಬರಲೇಬೇಕು ಅಂತಿಲ್ಲ, ಆದರೆ ಕೆಲವು ದಿನ ಕುದುರೆ ಹತ್ತಿ. ಸ್ಪರ್ ಇರುವುದು ಕುದುರೆಗೆ ಸಣ್ಣ ಸೂಚನೆ ಕೊಡಲು, ಚುಚ್ಚಲು ಅಲ್ಲ. ಅದಕ್ಕೇ ರೌವೆಲ್‌ನ ಹಲ್ಲುಗಳ ತುದಿಯನ್ನು ಅರದಿಂದ ಉರುಟು ಮಾಡಿ, ನಿಮ್ಮ ಒಳಗೈ ಮೇಲೆ ಒತ್ತಿ ಉರುಳಿಸಿ ನೋಡಿ. ನಿಮಗೆ ನೋವಾದರೆ ಇನ್ನೂ ಅರ ಹಾಕಿ. ಮೊದಲ ಜೋಡಿಯನ್ನು ಗೋಡೆಗೆ ನೇತುಹಾಕಬೇಡಿ. ದಿನಾ ಸವಾರಿ ಮಾಡುವ ಯಾರಿಗಾದರೂ ಕೊಟ್ಟು, ಒಂದು ತಿಂಗಳು ಹಾಕಿಕೊಳ್ಳಿ ಅನ್ನಿ. ವಾಪಸ್ ಬಂದಾಗ ಎಲ್ಲಿ ಉಜ್ಜಿದೆ, ಯಾವ ಗುಂಡಿ ಸಡಿಲವಾಗಿದೆ ಎಂದು ನೋಡಿ, ಎರಡನೇ ಜೋಡಿಗೆ ಪಟ್ಟಿ ಕತ್ತರಿಸಿ.