ಬಿಕ್ಯಾಶ್ ಇದ್ದರೂ ಬರೆಯುವ ವೇಗ ಏಕೆ ಹೆಚ್ಚಲಿಲ್ಲ?

ಪ್ರಶ್ನೆ: ಲಿನಕ್ಸ್ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಬಿಕ್ಯಾಶ್ (ವೇಗದ ಎಸ್‌ಎಸ್‌ಡಿಯನ್ನು ಹಾರ್ಡ್ ಡಿಸ್ಕಿನ ಕ್ಯಾಶ್, ಅಂದರೆ ತಾತ್ಕಾಲಿಕ ಸಂಗ್ರಹವಾಗಿ ಬಳಸುವ) ಡ್ರೈವರ್ ಮೂಲಕ ಎಸ್‌ಎಸ್‌ಡಿಯೊಂದನ್ನು ಜೋಡಿಸಿದ್ದೇನೆ. ದತ್ತಾಂಶ ನಕಲಿಸುವ ಡಿಡಿ ಕಮಾಂಡಿನಿಂದ 1 ಜಿಬಿ ಫೈಲ್ ಬರೆದಾಗ ಸೆಕೆಂಡಿಗೆ 1.8 ಜಿಬಿ ವೇಗ ಕಂಡಿತು. ದತ್ತಾಂಶ ಡಿಸ್ಕಿಗೆ ಇಳಿಯುವವರೆಗೂ ಕಾಯುವ ಎಫ್‌ಡೇಟಾಸಿಂಕ್ ಆಯ್ಕೆ ಸೇರಿಸಿದೊಡನೆ ಅದು 140 ಎಂಬಿಗೆ ಇಳಿಯಿತು. ಯಾವುದನ್ನು ನಂಬಬೇಕು?

ಉತ್ತರ: ಎರಡೂ ಅಂಕಿಗಳು ನಿಜವೇ, ಆದರೆ ಎರಡರಲ್ಲಿ ಯಾವುದೂ ನಿಮ್ಮ ಎಸ್‌ಎಸ್‌ಡಿಯ ವೇಗವಲ್ಲ. ಮೊದಲನೆಯದು ದತ್ತಾಂಶವು ರ‍್ಯಾಮ್ ತಲುಪಿದ ವೇಗ. ಲಿನಕ್ಸಿನ ತಿರುಳಾದ ಕರ್ನಲ್ ಅದನ್ನು ಡಿಸ್ಕಿಗೆ ಇಳಿಸುವ ಮೊದಲೇ ಡಿಡಿ ಕೆಲಸ ಮುಗಿಸಿತ್ತು. ಎರಡನೆಯದು ಹಾರ್ಡ್ ಡಿಸ್ಕಿನ ವೇಗ, ಏಕೆಂದರೆ 4 ಎಂಬಿಗಿಂತ ಉದ್ದದ ಸತತ ಬರಹವನ್ನು ಬಿಕ್ಯಾಶ್ ಎಸ್‌ಎಸ್‌ಡಿಯನ್ನು ಬಳಸದೆ ನೇರವಾಗಿ ಹಾರ್ಡ್ ಡಿಸ್ಕಿಗೇ ಕಳುಹಿಸುತ್ತದೆ. ಜೊತೆಗೆ ಅದರ ಮೂಲ ಸ್ಥಿತಿಯಾದ ರೈಟ್‌ಥ್ರೂನಲ್ಲಿ ಹಾರ್ಡ್ ಡಿಸ್ಕಿಗೆ ಬರೆದು ಮುಗಿಯುವವರೆಗೂ ಕಾಯಲೇಬೇಕು. ಕ್ಯಾಶ್ ನಿಜವಾಗಿ ನೆರವಾಗುವುದು ಚದುರಿದ ಸಣ್ಣ ಬರಹಗಳಿಗೆ. ಆದ್ದರಿಂದ ಎಸ್‌ಎಸ್‌ಡಿಗೆ ಬರೆದೊಡನೆ ಕೆಲಸ ಮುಗಿಯಿತೆಂದು ತಿಳಿಸಿ, ಹಾರ್ಡ್ ಡಿಸ್ಕಿಗೆ ನಂತರ ಇಳಿಸುವ ರೈಟ್‌ಬ್ಯಾಕ್ ಸ್ಥಿತಿಗೆ ಬದಲಿಸಿ, ಡಿಸ್ಕಿನ ವೇಗ ಅಳೆಯುವ ಫಿಯೋ ಸಾಧನದಿಂದ, ರ‍್ಯಾಮಿನ ಸಂಗ್ರಹವನ್ನು ಬಳಸದ ಡೈರೆಕ್ಟ್ ಆಯ್ಕೆಯೊಡನೆ 4 ಕೆಬಿಯ ಯಾದೃಚ್ಛಿಕ ಬರಹವನ್ನು ಅಳೆಯಿರಿ. ಪರೀಕ್ಷೆ ಕೆಲವೇ ಸೆಕೆಂಡುಗಳದ್ದಾಗದೆ ಸಾಕಷ್ಟು ದೀರ್ಘವಾಗಿರಲಿ. ಡರ್ಟಿ ಡೇಟಾ (ಎಸ್‌ಎಸ್‌ಡಿಯಲ್ಲಿದ್ದು ಹಾರ್ಡ್ ಡಿಸ್ಕಿಗೆ ಇನ್ನೂ ಇಳಿಯದ ದತ್ತಾಂಶ) ಎಷ್ಟು ಬೆಳೆಯುತ್ತಿದೆ ಎಂಬುದನ್ನೂ ಗಮನಿಸುತ್ತಿರಿ, ಕ್ಯಾಶ್ ತುಂಬಿದಂತೆ ವೇಗ ಇಳಿಯುವುದು ಆಗಲೇ ಕಾಣುತ್ತದೆ. ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ: ರೈಟ್‌ಬ್ಯಾಕ್‌ನಲ್ಲಿರುವಾಗ ಎಸ್‌ಎಸ್‌ಡಿ ಕೆಟ್ಟರೆ, ಹಾರ್ಡ್ ಡಿಸ್ಕಿಗೆ ಇನ್ನೂ ಇಳಿಯದ ದತ್ತಾಂಶ ಮರಳಿ ಸಿಗದೇ ಹೋಗಬಹುದು, ಬ್ಯಾಕಪ್ ಇಲ್ಲದೆ ಈ ಪರೀಕ್ಷೆಗೆ ಕೈ ಹಾಕಬೇಡಿ.